ಆರೋಗ್ಯ ವಿಮೆ: ಬಿಲ್ಲಿಗಿಂತ ಮೊದಲು ವರ್ದಿ



ಬೆಳೆಗೆ ವಿಮೆ ಮಾಡಿಸಿದ ನಮ್ಮ ಭಾಗದ ಒಕ್ಕಲಿಗರಿಗೆ ಒಂದು ಮಾತು ಚೆನ್ನಾಗಿ ನೆನಪಿರಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ 2018ರ ಪರಿಷ್ಕೃತ ನಿಯಮಗಳಲ್ಲಿ, ಆಣೆಕಲ್ಲು ಬಿದ್ದು ಇಲ್ಲವೆ ನೀರು ನಿಂತು ಒಬ್ಬನ ಹೊಲದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂದು ಇತ್ತು. ನಮ್ಮ ರಾಜ್ಯದಲ್ಲಿ ಬೆಳೆ ವಿಮೆಯ ನಿಯಮಗಳು ಆಮೇಲೆ ಬದಲಾದವು. ಅದು ಇಂದಿನ ವಿಷಯವಲ್ಲ. ಆದರೆ ಆಗ ದ್ರಾಕ್ಷಿಯ ಪಡದಲ್ಲಿ, ದಾಳಿಂಬೆಯ ತೋಟದಲ್ಲಿ ನಿಂತುಕೊಂಡೇ ಫೋನು ಮಾಡಿ ವರ್ದಿ ಕೊಟ್ಟವರು ನಮ್ಮ ಜತ್ತ ತಾಲೂಕಿನಲ್ಲಿ ಬಹಳ ಜನ ಇದ್ದರು.

ಬೆಳೆಯ ವಿಷಯಕ್ಕೆ ಇಷ್ಟು ಎಚ್ಚರ ಪಟ್ಟ ನಾವು ಮನುಷ್ಯನ ವಿಷಯಕ್ಕೆ ಎಚ್ಚರ ಪಡುವದಿಲ್ಲ. ಈಗ ಅನೇಕ ಮನೆಗಳಲ್ಲಿ ಆರೋಗ್ಯ ವಿಮೆಯ ಪಾಲಿಸಿ ಇದೆ. ವರ್ಷಕ್ಕೊಮ್ಮೆ ಕಂತು ತುಂಬುತ್ತೇವೆ, ಕಾಗದವನ್ನು ಟ್ರಂಕಿನಲ್ಲಿ ಇಡುತ್ತೇವೆ. ಮನೆಯಲ್ಲಿ ಒಬ್ಬರು ದವಾಖಾನೆ ಸೇರಿದಾಗ ವಿಮಾ ಕಂಪನಿಗೆ ಯಾವಾಗ, ಯಾರು, ಹೇಗೆ ತಿಳಿಸಬೇಕು ಎಂಬುದು ಮಾತ್ರ ಗೊತ್ತಿರುವದಿಲ್ಲ. ಬಿಲ್ಲು ಕಟ್ಟಿ ಮನೆಗೆ ಬಂದ ಮೇಲೆ ಟ್ರಂಕು ತೆಗೆಯುತ್ತೇವೆ. ಅಷ್ಟರಲ್ಲಿ ವೇಳೆ ಮೀರಿರುತ್ತದೆ. ಈ ವಾರದ ಪಾಠ ಇದನ್ನು ಕುರಿತದ್ದು.

ವರ್ದಿ ಎಂದರೇನು?

ವಿಮಾ ಕಂಪನಿಗೆ "ನಿಮ್ಮ ಪಾಲಿಸಿಯಲ್ಲಿ ಹೆಸರಿರುವ ಇಂಥವರು ಇಂಥ ದವಾಖಾನೆಗೆ ಇಂಥ ಕಾರಣಕ್ಕಾಗಿ ಸೇರಿದ್ದಾರೆ, ಇಲ್ಲವೆ ಸೇರಲಿದ್ದಾರೆ" ಎಂದು ತಿಳಿಸುವದಕ್ಕೆ ವರ್ದಿ ಎನ್ನಬೇಕು. ಇದು ಹಣ ಕೇಳುವ ಅರ್ಜಿಯಲ್ಲ. ಹಣ ಕೇಳುವ ಅರ್ಜಿ, ಬಿಲ್ಲು, ಪಾವತಿ ಇವೆಲ್ಲ ಆಮೇಲೆ ಬರುವವು. ವರ್ದಿ ಎಂದರೆ ಬರಿಯ ಸುದ್ದಿ. ಕಳವಾದಾಗ ಪೋಲೀಸ್ ಠಾಣೆಗೆ ಮೊದಲು ಸುದ್ದಿ ಮುಟ್ಟಿಸಿ, ಏನೇನು ಹೋಯಿತೆಂಬ ಪಟ್ಟಿಯನ್ನು ಆಮೇಲೆ ಬರೆಸುವ ಹಾಗೆ ಇದು.

ಕಂಪನಿಗೆ ಇದು ಯಾಕೆ ಬೇಕು? ಎರಡು ಕಾರಣಗಳಿವೆ. ಒಂದು, ರೋಗಿ ದವಾಖಾನೆಯಲ್ಲಿ ಇರುವಾಗಲೇ ಅವನು ನಿಜವಾಗಿ ಅಲ್ಲಿ ಇದ್ದಾನೆಯೋ ಇಲ್ಲವೋ ಎಂದು ವಿಚಾರಿಸಲಿಕ್ಕೆ ಅವರಿಗೆ ಅವಕಾಶ ಇರಬೇಕು. ಸುಳ್ಳು ಬಿಲ್ಲು ತಯಾರಿಸುವ ಜನರೂ ಇರುವದರಿಂದ ಇದನ್ನು ನಾವು ತಪ್ಪೆನ್ನಲಾಗದು. ಎರಡು, ನಗದು ಕೊಡದೆ ಚಿಕಿತ್ಸೆ ಪಡೆಯುವ, ಅಂದರೆ ಕ್ಯಾಶ್‌ಲೆಸ್ ಸೌಲಭ್ಯ ಬೇಕಾದರೆ ಕಂಪನಿ ದವಾಖಾನೆಗೆ ಮೊದಲೇ ಒಪ್ಪಿಗೆ ಕೊಡಬೇಕಾಗುವದು. ಈ ಎರಡನೆಯದು ನಮ್ಮ ಹಿತದ್ದೇ. ವೇಳೆಗೆ ವರ್ದಿ ಹೋದರೆ ಸಾಲ ಮಾಡುವ ಪ್ರಸಂಗವೇ ಬಾರದೆ ಇರಬಹುದು.

ಮೊದಲು ತಿಳಿಯಿರಿ: ನಿಮ್ಮ ಹತ್ತಿರ ಇರುವದು ಯಾವುದು?

ನಮ್ಮ ಮನೆಗಳಲ್ಲಿ ಎರಡು ತರದ ಕಾಗದಗಳಿವೆ. ಅವೆರಡನ್ನೂ ಜನ "ವಿಮೆ" ಎಂದೇ ಕರೆಯುವದರಿಂದ ಗೊಂದಲವಾಗುತ್ತದೆ.

ಒಂದು, ಸರಕಾರದ ಯೋಜನೆ. ಮಹಾರಾಷ್ಟ್ರದಲ್ಲಿ 2012ರ ಜುಲೈ 2ರಂದು ಎಂಟು ಜಿಲ್ಲೆಗಳಲ್ಲಿ ರಾಜೀವ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ ಪ್ರಾರಂಭವಾಯಿತು. 2017ರಲ್ಲಿ ಅದಕ್ಕೆ ಮಹಾತ್ಮಾ ಜ್ಯೋತಿರಾವ ಫುಲೆ ಜನಾರೋಗ್ಯ ಯೋಜನೆ ಎಂದು ಹೆಸರಾಯಿತು. ಕೇಂದ್ರ ಸರಕಾರದ ಆಯುಷ್ಮಾನ್ ಭಾರತ ಯೋಜನೆ 2018ರ ಸೆಪ್ಟೆಂಬರ್ 23ರಂದು ಪ್ರಾರಂಭವಾಗಿ ಇದರೊಡನೆ ಜೋಡಿಸಲ್ಪಟ್ಟಿತು. ಈ ಯೋಜನೆಗಳಲ್ಲಿ ನಾವು ಕಂತು ತುಂಬುವದಿಲ್ಲ, ಕಂಪನಿಗೆ ವರ್ದಿಯನ್ನೂ ಕೊಡಬೇಕಾಗಿಲ್ಲ. ಯೋಜನೆಗೆ ಸೇರಿದ ದವಾಖಾನೆಯಲ್ಲಿ ಆರೋಗ್ಯಮಿತ್ರ ಎಂಬವರು ಕೂತಿರುತ್ತಾರೆ. ರೇಶನ್ ಕಾರ್ಡು, ಆಧಾರ್ ಇಲ್ಲವೆ ಆಯುಷ್ಮಾನ್ ಕಾರ್ಡು ತೋರಿಸಿದರೆ ಮುಂದಿನ ಕೆಲಸ ಅವರು ಮಾಡುವರು. ನಾವು ಮಾಡಬೇಕಾದದ್ದು ಒಂದೇ: ಸೇರುವಾಗಲೇ ಕಾರ್ಡು ತೋರಿಸುವದು. ಬಿಲ್ಲು ಕಟ್ಟಿದ ಮೇಲೆ ಕಾರ್ಡು ತೋರಿಸಿದರೆ ಆ ಹಣ ತಿರುಗಿ ಬರುವದು ಕಷ್ಟ.

ಗಡಿಯ ಈಚೆಗಿರುವ ನಮಗೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಉಮದಿ, ಸಂಖ, ತಿಕೋಂಡಿ ಕಡೆಯ ಜನಕ್ಕೆ ಸಾಂಗಲಿ ಮಿರಜಗಳಿಗಿಂತ ವಿಜಯಪುರವೇ ಹತ್ತಿರ. ಮಾತಿಗೂ ಅನುಕೂಲ. ಆದರೆ ಒಂದು ರಾಜ್ಯದ ಯೋಜನೆ ಇನ್ನೊಂದು ರಾಜ್ಯದ ದವಾಖಾನೆಯಲ್ಲಿ ತಾನಾಗಿಯೇ ನಡೆಯುವದಿಲ್ಲ. ಕೇಂದ್ರದ ಆಯುಷ್ಮಾನ್ ಕಾರ್ಡಿನ ಫಲಾನುಭವಿಯು ಬೇರೆ ರಾಜ್ಯದಲ್ಲಿಯೂ ಆ ಯೋಜನೆಗೆ ಸೇರಿದ ದವಾಖಾನೆಯಲ್ಲಿ ಚಿಕಿತ್ಸೆ ಪಡೆಯಬಹುದು. ಫುಲೆ ಯೋಜನೆಯ ಮಾತು ಹಾಗಲ್ಲ. ಆದುದರಿಂದ ಹೊರಡುವ ಮುಂಚೆ ಫುಲೆ ಯೋಜನೆಯ 155388, ಆಯುಷ್ಮಾನ್ ಯೋಜನೆಯ 14555 ಈ ನಂಬರುಗಳಿಗೆ ಫೋನು ಮಾಡಿ ಕೇಳಿಕೊಳ್ಳಬೇಕು. ಕರ್ನಾಟಕದಲ್ಲಿ 2003ರಲ್ಲಿ ಪ್ರಾರಂಭವಾಗಿ, ನಡುವೆ 2018ರಲ್ಲಿ ನಿಂತು, 2022-23ರಲ್ಲಿ ಪುನಃ ನಡೆದ ಯಶಸ್ವಿನಿ ಯೋಜನೆಯ ಸುದ್ದಿಯನ್ನು ನೆಂಟರಿಂದ ಕೇಳಿ, ಅದು ತಮಗೂ ಇದೆಯೆಂದು ನಂಬಿದವರಿದ್ದಾರೆ. ಅದು ಕರ್ನಾಟಕದ ಸಹಕಾರಿ ಸಂಘಗಳ ಸದಸ್ಯರಿಗಾಗಿ ಇರುವದು. ಈ ಕಡೆಯ ಸೊಸಾಯಿಟಿಯ ಸದಸ್ಯತ್ವ ಅದಕ್ಕೆ ನಡೆಯುವದಿಲ್ಲ.

ಎರಡನೆಯದು, ನಾವೇ ಕಂತು ತುಂಬಿ ಕೊಂಡ ಪಾಲಿಸಿ. ಇದು ಸಾಮಾನ್ಯವಾಗಿ ಭಾರತದಲ್ಲೆಲ್ಲ ನಡೆಯುವದು. ಮಿರಜವಾದರೂ ಸರಿ, ವಿಜಯಪುರವಾದರೂ ಸರಿ. ಇದಕ್ಕೆ ಮಾತ್ರ ವರ್ದಿ ಬೇಕೇ ಬೇಕು. ಮುಂದೆ ಹೇಳುವದೆಲ್ಲ ಇದರ ಮಾತು.

ಎಷ್ಟು ವೇಳೆಯೊಳಗೆ?

ವೇಳೆಯನ್ನು ಪಾಲಿಸಿಯ ಕಾಗದದಲ್ಲಿಯೇ ಬರೆದಿರುತ್ತಾರೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಭೇದ ಇರಬಹುದು. ಉದಾಹರಣೆಗೆ ಆರೋಗ್ಯ ಸಂಜೀವನಿ ಪಾಲಿಸಿಯನ್ನು ನೋಡೋಣ. ವಿಮಾ ನಿಯಂತ್ರಣ ಪ್ರಾಧಿಕಾರದ ಅಪ್ಪಣೆಯಂತೆ 2020ರ ಏಪ್ರಿಲ್ 1ರಿಂದ ಬಂದ, ಎಲ್ಲ ಕಂಪನಿಗಳಲ್ಲಿಯೂ ಒಂದೇ ತರದ ಪಾಲಿಸಿ ಇದು. ಇದರಲ್ಲಿ ಹೀಗಿದೆ:

1. ಮೊದಲೇ ಗೊತ್ತಾದ ಚಿಕಿತ್ಸೆ, ಉದಾಹರಣೆಗೆ ಕಣ್ಣಿನ ಪೊರೆ, ಹರ್ನಿಯಾ ಮುಂತಾದ ಶಸ್ತ್ರಕ್ರಿಯೆ ಇದ್ದರೆ ದವಾಖಾನೆ ಸೇರುವದಕ್ಕೆ ಕನಿಷ್ಠ 48 ಗಂಟೆ ಮುಂಚೆ ತಿಳಿಸಬೇಕು.

2. ಹಾವು ಕಚ್ಚುವದು, ಬೈಕಿನಿಂದ ಬೀಳುವದು, ಎದೆನೋವು ಮುಂತಾದ ತುರ್ತು ಪ್ರಸಂಗದಲ್ಲಿ ಸೇರಿದ 24 ಗಂಟೆಗಳೊಳಗೆ, ಇಲ್ಲವೆ ದವಾಖಾನೆಯಿಂದ ಬಿಡುಗಡೆಯಾಗುವ ಮುಂಚೆ, ಇವೆರಡರಲ್ಲಿ ಯಾವುದು ಮೊದಲೋ ಆಗ ತಿಳಿಸಬೇಕು.

3. ನಗದು ಕಟ್ಟಿ ಆಮೇಲೆ ಖರ್ಚನ್ನು ತಿರುಗಿ ಕೇಳುವದಾದರೆ, ಬಿಡುಗಡೆಯಾದ ದಿನದಿಂದ 30 ದಿವಸಗಳೊಳಗೆ ಕಾಗದಪತ್ರ ಕೊಡಬೇಕು.

ಇಲ್ಲಿ ಗಮನಿಸಬೇಕಾದದ್ದೆಂದರೆ, ವೇಳೆಯನ್ನು ದಿವಸದಿಂದಲ್ಲ, ಗಂಟೆಯಿಂದ ಎಣಿಸುತ್ತಾರೆ. ಸೋಮವಾರ ರಾತ್ರಿ 2 ಗಂಟೆಗೆ ಸೇರಿದರೆ ಮರುರಾತ್ರಿ 2ಕ್ಕೆ ವೇಳೆ ಮುಗಿಯಿತು. "ಬೆಳಗಾಗಲಿ, ಏಜಂಟನಿಗೆ ಹೇಳೋಣ" ಎನ್ನುವದರಲ್ಲಿಯೇ ಅರ್ಧ ವೇಳೆ ಹೋಗಿರುತ್ತದೆ. ಇನ್ನೊಂದು ಮಾತು: ಏಜಂಟನಿಗೆ ಹೇಳಿದರೆ ಕಂಪನಿಗೆ ಹೇಳಿದಂತಾಯಿತೆಂದು ತಿಳಿಯಬಾರದು. ಅವನಿಗೂ ಹೇಳಿರಿ, ಆದರೆ ಕಂಪನಿಗೆ ನೀವೇ ಹೇಳಿರಿ.

ನಮ್ಮ ಮನೆಯಲ್ಲಿ ನಡೆದದ್ದು

ಇದನ್ನು ಇಷ್ಟು ಒತ್ತಿ ಬರೆಯುವದಕ್ಕೆ ಕಾರಣವಿದೆ. 2023ರ ಜನವರಿಯಲ್ಲಿ ನನ್ನ ತಮ್ಮ ರಾತ್ರಿ ಪಾಳಿಯ ಕರೆಂಟಿಗೆ ಕಾದು ಜೋಳಕ್ಕೆ ನೀರು ಹಾಯಿಸುತ್ತಿದ್ದಾಗ ಹಾವು ಕಚ್ಚಿತು. ಹತ್ತಿರದ ಸರಕಾರಿ ದವಾಖಾನೆಯಲ್ಲಿ ವಿಷದ ಮೇಲಿನ ಸೂಜಿ ಹಾಕಿ, ಉಸಿರಾಟ ಕಡಿಮೆಯಾಗುತ್ತಿದೆಯೆಂದು ದೊಡ್ಡ ದವಾಖಾನೆಗೆ ಕಳಿಸಿದರು. ಬೆಳಗಿನ ಮೂರೂವರೆಗೆ ವಿಜಯಪುರದ ಒಂದು ಖಾಸಗಿ ದವಾಖಾನೆಗೆ ಸೇರಿಸಿದೆವು. ಮೂರು ದಿವಸ ಅವನಿಗೆ ಯಂತ್ರದ ಉಸಿರಾಟ. ದವಾಖಾನೆಯವರು ಮುಂಗಡ ಹಣ ಕೇಳಿದಾಗ ತಮ್ಮನ ಹೆಂಡತಿ ಕೊರಳಿನ ಸರ ಬಿಚ್ಚಿ ಕೊಟ್ಟಳು. ಅದನ್ನು ಬ್ಯಾಂಕಿನಲ್ಲಿಟ್ಟು ಹಣ ತಂದೆ. ಆಗ ಅವನ ಹೆಸರಿನ ಮೂರು ಲಕ್ಷದ ಪಾಲಿಸಿ ಮನೆಯ ಟ್ರಂಕಿನಲ್ಲಿಯೇ ಇತ್ತು. ಕಂಪನಿಯ ಫೋನು ನಂಬರು ಅದರ ಮೇಲೆಯೇ ಅಚ್ಚಾಗಿತ್ತು.

ಎಂಟನೆಯ ದಿವಸ ತಮ್ಮ ದೇವರ ದಯೆಯಿಂದ ಮನೆಗೆ ಬಂದ. ಒಂಬತ್ತನೆಯ ದಿವಸ ನಾನು ಟ್ರಂಕು ತೆಗೆದೆ. ಫೋನು ಮಾಡಿದೆ, ಕಾಗದಗಳನ್ನೂ ಕಳಿಸಿದೆ. ಐದು ವಾರಗಳ ಮೇಲೆ ಪತ್ರ ಬಂತು: ಪಾಲಿಸಿಯ ನಿಯಮದಂತೆ ವೇಳೆಯಲ್ಲಿ ವರ್ದಿ ಕೊಟ್ಟಿಲ್ಲವಾದ್ದರಿಂದ ಹಣ ಕೊಡಲಾಗದು. ಓದು ಬರಹ ಬಲ್ಲವನೆಂದು ಮನೆಯವರು ಕಾಗದಪತ್ರಗಳನ್ನೆಲ್ಲ ನನ್ನ ಕೈಗೆ ಒಪ್ಪಿಸಿದ್ದರು. ಮಕ್ಕಳಿಗೆ ಪಾಠ ಹೇಳುವ ನಾನು ಆ ನಾಲ್ಕು ಪುಟಗಳನ್ನು ಒಂದು ಸಲವೂ ಓದಿರಲಿಲ್ಲ.

ಆಮೇಲೆ ತಿಳಿದವರನ್ನು ಕೇಳಿ ಕಂಪನಿಯ ದೂರು ವಿಭಾಗಕ್ಕೆ ಪತ್ರ ಬರೆದೆ. ಮೊದಲ ಮೂರು ದಿವಸ ರೋಗಿ ಪ್ರಜ್ಞೆಯಲ್ಲಿರಲಿಲ್ಲ, ಅದಕ್ಕೆ ಡಾಕ್ಟರರ ದಾಖಲೆ ಲಗತ್ತಿಸಿದೆ. ಮುಂದಿನ ದಿವಸಗಳಲ್ಲಿ ನಿಯಮ ನಮಗೆ ತಿಳಿದಿರಲಿಲ್ಲ, ಅದನ್ನೂ ಮುಚ್ಚಿಡದೆ ಬರೆದೆ. ತಡವಾದದ್ದರಿಂದ ಕಂಪನಿಗೆ ಪರಿಶೀಲನೆ ಮಾಡಲಿಕ್ಕೆ ಯಾವ ಅಡ್ಡಿಯೂ ಆಗಿಲ್ಲ, ದವಾಖಾನೆಯ ದಾಖಲೆಗಳೆಲ್ಲ ಇವೆ ಎಂದೂ ಬರೆದೆ. ಐದನೆಯ ತಿಂಗಳಲ್ಲಿ ಹಣ ಬಂತು. ಬಿಲ್ಲು 1,84,000 ರೂಪಾಯಿ ಇತ್ತು. ಕೈಗವಸು, ಹತ್ತಿ ಮುಂತಾಗಿ ಪಾಲಿಸಿಯಲ್ಲಿ ಕೂಡದ ವಸ್ತುಗಳೆಂದು 9,000 ತೆಗೆದರು. ಉಳಿದ 1,75,000ದಲ್ಲಿ ನಮ್ಮ ಪಾಲಿನ ಶೇಕಡಾ 5, ಅಂದರೆ 8,750 ತೆಗೆದು 1,66,250 ರೂಪಾಯಿ ಕೊಟ್ಟರು. ಆದರೆ ಐದು ತಿಂಗಳ ಬಂಗಾರದ ಸಾಲದ ಬಡ್ಡಿ ನಮ್ಮ ತಲೆಗೇ ಬಂತು. ಆ ರಾತ್ರಿ ಒಂದು ಫೋನು ಮಾಡಿದ್ದರೆ ಸರ ಕೊರಳಲ್ಲಿಯೇ ಇರುತ್ತಿತ್ತೋ ಏನೋ. ನಮ್ಮದು ದಡ ಸೇರಿತು. ಹೀಗೆ ಬಂದ ಪತ್ರವನ್ನೇ ಕಡೆಯ ಮಾತೆಂದು ತಿಳಿದು ಸುಮ್ಮನೆ ಕೂತವರೂ ಇರಬಹುದು. ಅವರಿಗಾಗಿಯೂ ಈ ಪಾಠ.

ವರ್ದಿ ಕೊಡುವ ರೀತಿ

ಪಾಲಿಸಿಯ ಮೇಲೆ ಕಂಪನಿಯ ಶುಲ್ಕವಿಲ್ಲದ ಫೋನು ನಂಬರು, ಈಮೇಲ್ ವಿಳಾಸ ಇರುತ್ತವೆ. ಕೆಲವು ಕಂಪನಿಗಳು ಈ ಕೆಲಸವನ್ನು ಟಿ.ಪಿ.ಎ. ಎಂಬ ಮಧ್ಯಸ್ಥ ಸಂಸ್ಥೆಗೆ ಒಪ್ಪಿಸಿರುತ್ತವೆ. ಹಾಗಿದ್ದರೆ ಕಾರ್ಡಿನ ಮೇಲೆ ಅದರ ಹೆಸರು, ನಂಬರು ಇರುವವು. ದೊಡ್ಡ ದವಾಖಾನೆಗಳಲ್ಲಿ ವಿಮೆಯ ಮೇಜು ಬೇರೆಯೇ ಇರುತ್ತದೆ. ಅಲ್ಲಿ ಕಾರ್ಡು, ಆಧಾರ್ ತೋರಿಸಿದರೆ ಕ್ಯಾಶ್‌ಲೆಸ್ ಅರ್ಜಿಯನ್ನು ಅವರೇ ಕಳಿಸುವರು. ಹೀಗಿದ್ದರೂ ನೀವು ಒಮ್ಮೆ ಫೋನು ಮಾಡುವದು ಒಳ್ಳೆಯದು. ರೋಗಿಯೇ ಫೋನು ಮಾಡಬೇಕೆಂದಿಲ್ಲ. ಮನೆಯವರು ಯಾರಾದರೂ ಮಾಡಬಹುದು. ರೋಗಿಯ ಹತ್ತಿರ ಒಬ್ಬರು, ಕಾಗದದ ಕೆಲಸಕ್ಕೆ ಒಬ್ಬರು ಎಂದು ಮೊದಲೇ ಹಂಚಿಕೊಂಡರೆ ಮರೆಯುವ ಸಂಭವ ಕಡಿಮೆ.

ಫೋನಿನಲ್ಲಿ ಹೇಳಬೇಕಾದವು ಇವು: ಪಾಲಿಸಿಯ ನಂಬರು, ಪಾಲಿಸಿ ಯಾರ ಹೆಸರಿನಲ್ಲಿದೆ, ರೋಗಿಯ ಹೆಸರು ಮತ್ತು ಸಂಬಂಧ, ರೋಗ ಅಥವಾ ಪೆಟ್ಟು ಯಾವುದು, ದವಾಖಾನೆಯ ಹೆಸರು ಮತ್ತು ಊರು, ಸೇರಿದ ತಾರೀಖು ಮತ್ತು ಗಂಟೆ, ಡಾಕ್ಟರರ ಹೆಸರು, ನಿಮ್ಮ ಫೋನು ನಂಬರು.

ಹೇಳಿ ಮುಗಿದ ಮೇಲೆ ಫೋನು ಇಡಬೇಡಿರಿ. ವರ್ದಿಯ ನಂಬರು ಕೇಳಿರಿ. ಆ ನಂಬರು, ಮಾತಾಡಿದವರ ಹೆಸರು, ತಾರೀಖು, ಗಂಟೆ ಇವನ್ನು ಬರೆದಿಟ್ಟುಕೊಳ್ಳಿರಿ. ಈ ನಂಬರೇ ನಿಮ್ಮ ಸಾಕ್ಷಿ. ಹಾಲಿನ ಡೇರಿಯಲ್ಲಿ ಹಾಲು ಹಾಕಿ ಚೀಟಿ ತೆಗೆದುಕೊಳ್ಳದೆ ಬರುವವರು ಯಾರೂ ಇಲ್ಲ. ಇಲ್ಲಿಯೂ ಹಾಗೆಯೇ.

ಅದೇ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿರಿ. ಒಂದು, ಈ ದವಾಖಾನೆ ನಿಮ್ಮ ಪಟ್ಟಿಯಲ್ಲಿದೆಯೇ? ಪಟ್ಟಿಯಲ್ಲಿಲ್ಲದಿದ್ದರೂ, 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿ ಪ್ರಾರಂಭಿಸಿದ ಏರ್ಪಾಡಿನಂತೆ, ನೋಂದಣಿಯಾದ 15 ಇಲ್ಲವೆ ಹೆಚ್ಚು ಹಾಸಿಗೆಗಳ ದವಾಖಾನೆಯಲ್ಲಿ ಕ್ಯಾಶ್‌ಲೆಸ್ ಕೇಳಬಹುದು. ಇದಕ್ಕೆ ಗೊತ್ತಾದ ಚಿಕಿತ್ಸೆಯಾದರೆ 48 ಗಂಟೆ ಮುಂಚೆ, ತುರ್ತಾದರೆ ಸೇರಿದ 48 ಗಂಟೆಗಳೊಳಗೆ ತಿಳಿಸಬೇಕು. ದವಾಖಾನೆಯವರೂ ಒಪ್ಪಬೇಕು.

ಎರಡನೆಯ ಪ್ರಶ್ನೆ, ಕೋಣೆಯ ಬಾಡಿಗೆಗೆ ದಿವಸಕ್ಕೆ ಎಷ್ಟು ಮಿತಿ ಇದೆ? ಇದರ ಲೆಕ್ಕ ಸಣ್ಣದು, ಆದರೆ ಪೆಟ್ಟು ದೊಡ್ಡದು. ಆರೋಗ್ಯ ಸಂಜೀವನಿಯಲ್ಲಿ ಮಿತಿ ವಿಮೆಯ ಮೊತ್ತದ ಶೇಕಡಾ 2, ಹೆಚ್ಚೆಂದರೆ 5,000 ರೂಪಾಯಿ. ಎರಡು ಲಕ್ಷದ ಪಾಲಿಸಿಗೆ 4,000 ಆಯಿತು. ನೀವು 6,000ದ ಕೋಣೆ ತೆಗೆದುಕೊಂಡಿರಿ ಎನ್ನೋಣ. ಆಗ ಕೋಣೆಯ ಬಾಡಿಗೆಯಲ್ಲಿ 2,000 ನಿಮ್ಮ ಮೇಲೆ ಬರುವದಷ್ಟೇ ಅಲ್ಲ, ಡಾಕ್ಟರರ ಫೀ, ಶಸ್ತ್ರಕ್ರಿಯೆಯ ಕೋಣೆಯ ಖರ್ಚು ಮುಂತಾದವುಗಳನ್ನೂ ಆರರಲ್ಲಿ ನಾಲ್ಕು ಪಾಲು ಮಾತ್ರ ಕೊಡುವರು. ಆ ಖರ್ಚು 60,000 ಆಗಿದ್ದರೆ 40,000ವೇ ಬರುವದು. ಔಷಧಿ ಮತ್ತು ತಪಾಸಣೆಯ ಖರ್ಚಿಗೆ ಈ ಕಡಿತ ಇಲ್ಲ.

ಫೋನು ಆದ ಮೇಲೆ ಬರಹದ ವರ್ದಿಯನ್ನೂ ಕಳಿಸಬೇಕು. ಮಾದರಿ ಹೀಗಿರಲಿ:

"ಮಾನ್ಯರೇ, ನಿಮ್ಮ ಕಂಪನಿಯ ಪಾಲಿಸಿ ನಂಬರು ——. ಇದರಲ್ಲಿ ಹೆಸರಿರುವ —— ಇವರು ದಿನಾಂಕ —— ರಂದು —— ಗಂಟೆಗೆ —— ಊರಿನ —— ದವಾಖಾನೆಗೆ —— ಕಾರಣಕ್ಕಾಗಿ ಸೇರಿದ್ದಾರೆ. ಚಿಕಿತ್ಸೆ ಮಾಡುತ್ತಿರುವ ಡಾಕ್ಟರರು ——. ಫೋನಿನಲ್ಲಿ —— ಗಂಟೆಗೆ ವರ್ದಿ ಕೊಟ್ಟಿದ್ದೇವೆ, ಅದರ ನಂಬರು ——. ದಯಮಾಡಿ ನೋಂದು ಮಾಡಿಕೊಂಡು ಉತ್ತರ ಕೊಡಬೇಕು. ವಿನಂತಿ."

ಇದನ್ನು ಇಂಗ್ಲಿಷಿನಲ್ಲಿ ಬರೆದರೆ ಕೆಲಸ ಬೇಗ ಆಗುವದು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಂದ ಇಂದೇ ಒಂದು ಪ್ರತಿ ಬರೆಸಿ, ಖಾಲಿ ಜಾಗ ಬಿಟ್ಟು, ಫೋನಿನಲ್ಲಿ ಇಟ್ಟುಕೊಂಡಿರಿ. ಬರೆಸಲಿಕ್ಕೆ ಯಾರೂ ಸಿಗದಿದ್ದರೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಬರೆದು ಕಳಿಸಿರಿ. ಭಾಷೆಯ ಚಿಂತೆಯಿಂದ ವೇಳೆ ಕಳೆಯಬಾರದು.

ಗಡಿಯವರಿಗೆ ಹೆಸರಿನ ತೊಡಕು

ನಮ್ಮ ಆಧಾರ್, ರೇಶನ್ ಕಾರ್ಡುಗಳಲ್ಲಿ ಮರಾಠಿ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಮೂರೂ ಪೂರ್ತಿ ಇರುತ್ತವೆ. ಗಡಿಯಾಚೆಯ ದವಾಖಾನೆಯಲ್ಲಿ ಅವಸರದಲ್ಲಿ ಕರೆಯುವ ಹೆಸರನ್ನಷ್ಟೇ ಬರೆಸುತ್ತೇವೆ. ಕಾಗದದಲ್ಲಿ ಒಂದು ಕಡೆ "ಮಲ್ಲಪ್ಪ", ಇನ್ನೊಂದು ಕಡೆ "ಮಲ್ಲಿಕಾರ್ಜುನ", ಮತ್ತೊಂದು ಕಡೆ "ಮಲ್ಹಾರಿ" ಆದರೆ ಮೂವರೂ ಒಬ್ಬನೇ ಎಂದು ಕಂಪನಿಗೆ ಹೇಗೆ ತಿಳಿಯಬೇಕು? ದವಾಖಾನೆಯಲ್ಲಿ ಹೆಸರು ಬರೆಸುವಾಗ ಆಧಾರ್ ಕೊಟ್ಟು, ಅದರಂತೆಯೇ ಬರೆಸಿರಿ. ವಯಸ್ಸನ್ನೂ ಅಂದಾಜಿನಿಂದ ಹೇಳಬೇಡಿರಿ. ಪಾಲಿಸಿಯಲ್ಲಿಯೇ ಹೆಸರು ತಪ್ಪಾಗಿದ್ದರೆ ಆರೋಗ್ಯವಾಗಿರುವಾಗಲೇ ತಿದ್ದಿಸಿಕೊಳ್ಳಿರಿ.

ವರ್ದಿಯ ಮೇಲೆ ಮುಂದೇನು?

ಕ್ಯಾಶ್‌ಲೆಸ್ ಕೇಳಿದ್ದರೆ, ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯಂತೆ ಕಂಪನಿ ಒಂದು ಗಂಟೆಯೊಳಗೆ ಮೊದಲ ಉತ್ತರ ಕೊಡಬೇಕು. ಬಿಡುಗಡೆಯ ಕಾಗದ ತಲುಪಿದ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ದವಾಖಾನೆಯ ಖರ್ಚು ಬೆಳೆದರೆ ಆ ಹೆಚ್ಚಳ ಕಂಪನಿಯದು. ಕ್ಯಾಶ್‌ಲೆಸ್ ಒಪ್ಪಲಿಲ್ಲವೆಂದರೆ ಹಣವೇ ಬಾರದೆಂದು ಅರ್ಥವಲ್ಲ. ಬಿಲ್ಲು ಕಟ್ಟಿ ಆಮೇಲೆ ಮರುಪಾವತಿ ಕೇಳಬಹುದು.

ಮರುಪಾವತಿಗೆ ಈ ಕಾಗದಗಳನ್ನು ಜೋಪಾನ ಮಾಡಬೇಕು: ತುಂಬಿದ ಕ್ಲೇಮು ಫಾರ್ಮು, ದವಾಖಾನೆ ಸೇರಬೇಕೆಂದು ಡಾಕ್ಟರರು ಬರೆದ ಚೀಟಿ, ಬಾಬುವಾರು ಮೂಲ ಬಿಲ್ಲು, ಹಣ ಕಟ್ಟಿದ ಪಾವತಿ, ಬಿಡುಗಡೆಯ ಸಾರಾಂಶ, ತಪಾಸಣೆಯ ವರದಿಗಳು, ಗುರುತಿನ ಪತ್ರ, ಬ್ಯಾಂಕಿನ ವಿವರ ಮತ್ತು ರದ್ದು ಮಾಡಿದ ಚೆಕ್ಕು. ಅಪಘಾತ, ವಿಷ ಮುಂತಾದ ಪ್ರಸಂಗದಲ್ಲಿ ಪೋಲೀಸರಿಗೆ ಸುದ್ದಿ ಹೋಗಿದ್ದರೆ ಅದರ ಪ್ರತಿಯೂ ಬೇಕು. ಎಲ್ಲದರ ಜೆರಾಕ್ಸ್ ಇಟ್ಟುಕೊಂಡೇ ಮೂಲ ಕಳಿಸಬೇಕು.

ವರ್ದಿಯಿಂದ ಆಗದ ಕೆಲಸವನ್ನೂ ಹೇಳಬೇಕು. ವರ್ದಿ ಕೊಟ್ಟ ಮಾತ್ರಕ್ಕೆ ಹಣ ಬರಲೇಬೇಕೆಂದಿಲ್ಲ. ಹಳೆಯ ರೋಗವನ್ನು ಮುಚ್ಚಿಟ್ಟು ಪಾಲಿಸಿ ತೆಗೆದಿದ್ದರೆ, ಕಂತು ತಪ್ಪಿ ಪಾಲಿಸಿ ನಿಂತುಹೋಗಿದ್ದರೆ, ಕಾಯುವ ಅವಧಿ ಮುಗಿಯದ ರೋಗವಾಗಿದ್ದರೆ ವರ್ದಿ ಕಾಯಲಾರದು.

ತಡವಾದರೆ, ಇಲ್ಲವೆ ನಿರಾಕರಿಸಿದರೆ

ತಡವಾಯಿತೆಂದು ಕೈಬಿಡಬೇಡಿರಿ. ನೆನಪಾದ ಕ್ಷಣದಲ್ಲಿಯೇ ವರ್ದಿ ಕೊಟ್ಟು, ತಡವಾದ ನಿಜವಾದ ಕಾರಣವನ್ನು ಬರೆಯಿರಿ. ತಪ್ಪಿಸಲಾಗದ ಕಾರಣದಿಂದ ವರ್ದಿ ತಡವಾದರೆ ಅದೊಂದರಿಂದಲೇ ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕಬಾರದೆಂದು ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಕಂಪನಿಗಳಿಗೆ ತಿಳಿಸಿತು. ಸುಪ್ರೀಮ್ ಕೋರ್ಟು 2017ರಲ್ಲಿ ಓಂಪ್ರಕಾಶರ ಮೊಕದ್ದಮೆಯಲ್ಲಿ, 2020ರಲ್ಲಿ ಗುರ್ಶಿಂದರ್ ಸಿಂಗರ ಮೊಕದ್ದಮೆಯಲ್ಲಿ ತಡದ ಕಾರಣದಿಂದ ನಿರಾಕರಿಸಿದ್ದನ್ನು ಒಪ್ಪಲಿಲ್ಲ. ಅವು ವಾಹನ ಕಳವಿನ ಮೊಕದ್ದಮೆಗಳು. ಆದರೂ ಅದರ ನ್ಯಾಯವನ್ನು ಪತ್ರದಲ್ಲಿ ಕಾಣಿಸಬಹುದು.

ನಿರಾಕರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ದೂರು. ಜೊತೆಗೆ ಪ್ರಾಧಿಕಾರದ 155255 ನಂಬರಿಗೂ ತಿಳಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಲೋಕಪಾಲರ ಕಡೆ ಹೋಗಬೇಕು. ಸಾಂಗಲಿ ಜಿಲ್ಲೆಯವರಿಗೆ ಆ ಕಚೇರಿ ಪುಣೆಯಲ್ಲಿದೆ. ಅಲ್ಲಿ ಫೀ ಇಲ್ಲ, ವಕೀಲರು ಬೇಕಾಗಿಲ್ಲ. 50 ಲಕ್ಷ ರೂಪಾಯಿಯವರೆಗಿನ ಬೇಡಿಕೆಯನ್ನು ಅವರು ವಿಚಾರಿಸಬಹುದು. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಅವರ ತೀರ್ಪಿಗೆ ಕಂಪನಿ ಬದ್ಧ. ಇನ್ನೊಂದು ದಾರಿ ಗ್ರಾಹಕರ ಆಯೋಗ. ದವಾಖಾನೆ ವಿಜಯಪುರದಲ್ಲಿದ್ದರೂ, 2019ರ ಗ್ರಾಹಕ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯ, ಅಂದರೆ ಸಾಂಗಲಿಯ ಆಯೋಗದಲ್ಲಿಯೇ ಫಿರ್ಯಾದಿ ಮಾಡಬಹುದು. ಎರಡು ವರ್ಷದೊಳಗೆ ಮಾಡಬೇಕು.

ಅಭ್ಯಾಸ

ಮನೆಯ ಮಂದಿಯೆಲ್ಲ ಕೂತು ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕು.

1. ನಮ್ಮ ಪಾಲಿಸಿಯ ಕಾಗದ ಎಲ್ಲಿದೆ? ನಾನು ಊರಲ್ಲಿ ಇಲ್ಲದಾಗ ಅದನ್ನು ಯಾರು ತೆಗೆಯಬಲ್ಲರು?

2. ಅದರ ಮುಗಿಯುವ ತಾರೀಖು ಯಾವುದು? ಯಾರ ಯಾರ ಹೆಸರು ಅದರಲ್ಲಿದೆ?

3. ತುರ್ತು ಪ್ರಸಂಗದಲ್ಲಿ ವರ್ದಿಗೆ ಎಷ್ಟು ಗಂಟೆ? ಗೊತ್ತಾದ ಚಿಕಿತ್ಸೆಗೆ ಎಷ್ಟು ಗಂಟೆ ಮುಂಚೆ?

4. ರವಿವಾರ ರಾತ್ರಿ ಮಾವನನ್ನು ದವಾಖಾನೆಗೆ ಸೇರಿಸಿದರೆ, ಸೋಮವಾರ ಕಚೇರಿ ತೆರೆಯುವವರೆಗೆ ಕಾಯಬೇಕೇ? ಉತ್ತರ: ಬೇಡ. ಫೋನು ಮಾಡಿ, ಹತ್ತದಿದ್ದರೆ ಈಮೇಲ್ ಇಲ್ಲವೆ ಸಂದೇಶ ಕಳಿಸಬೇಕು. ಕಳಿಸಿದ ಗಂಟೆ ಅದರಲ್ಲಿಯೇ ಮೂಡುವದು.

5. ವರ್ದಿ ಕೊಟ್ಟ ಮೇಲೆ ಏನನ್ನು ಕೇಳಿ ಬರೆದಿಟ್ಟುಕೊಳ್ಳಬೇಕು?

ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಪಾಲಿಸಿ ನಂಬರು, ಕಂಪನಿಯ ಫೋನು, "24 ಗಂಟೆ" ಎಂಬ ಮಾತು, 108 ಅಂಬುಲೆನ್ಸಿನ ನಂಬರು ಇವಿಷ್ಟನ್ನು ಬರೆದು ಅಡಿಗೆಮನೆಯ ಬಾಗಿಲ ಹಿಂದೆ ತೂಗುಹಾಕಿರಿ. ಪಾಲಿಸಿಯ ಫೋಟೋ ತೆಗೆದು ಮನೆಯ ಎಲ್ಲರ ಫೋನಿನಲ್ಲಿಯೂ, ಗಂಡನ ಫೋನಿನಲ್ಲಿ ಮಾತ್ರವಲ್ಲ, ಹೆಂಡತಿಯ ಫೋನಿನಲ್ಲಿಯೂ ಇಡಿರಿ. ನಮ್ಮ ಮನೆಯಲ್ಲಿ ಈಗ ಆ ರಟ್ಟನ್ನು ತೂಗುಹಾಕಿದವಳು ತಮ್ಮನ ಹೆಂಡತಿಯೇ. ಬ್ಯಾಂಕಿನಿಂದ ಬಿಡಿಸಿ ತಂದ ಸರವನ್ನು ಕೊರಳಿಗೆ ಹಾಕಿಕೊಂಡ ದಿವಸವೇ ಅವಳು ಅದನ್ನು ಬರೆಸಿಕೊಂಡಳು.

ಗುಡ್ಡಾಪುರದ ಜಾತ್ರೆಗೆ ಹೊರಡುವವರು ಹಸಿವಾದ ಮೇಲೆ ಬುತ್ತಿ ಕಟ್ಟುವದಿಲ್ಲ, ಹೊರಡುವ ಮೊದಲೇ ಕಟ್ಟಿಕೊಳ್ಳುತ್ತಾರೆ. ಈ ಕೆಲಸವನ್ನೂ ಈ ವಾರದೊಳಗೆ ಮಾಡಿ ಮುಗಿಸಿರಿ. ಅದರ ಪ್ರಸಂಗವೇ ಯಾರಿಗೂ ಬಾರದಿರಲಿ.